ಅಕೌಂಟೆಂಟ್ ಕೆಲಸದ ಮೆಟ್ಟಿಲು, ಸಂಬಳದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ವಾಣಿಜ್ಯ ಓದುವ ಮಕ್ಕಳು, ಅವರನ್ನು ಓದಿಸುವ ಅಪ್ಪ ಅಮ್ಮ ಮೊದಲು ಕೇಳುವುದು ಒಂದೇ ಮಾತು: ಅಕೌಂಟೆಂಟ್ ಆದರೆ ಸಂಬಳ ಎಷ್ಟು? ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೆ ಥಟ್ಟನೆ ಒಂದು ಅಂಕಿ ಹೇಳುವವರನ್ನು ನಂಬಬೇಡಿ. ದಿನವಿಡೀ ವೋಚರ್, ಅಂದರೆ ಒಂದೊಂದು ವ್ಯವಹಾರದ ಚೀಟಿ, ಬರೆಯುವವರೂ ಅಕೌಂಟೆಂಟೇ, ಇಡೀ ಕಂಪನಿಯ ಲೆಕ್ಕಕ್ಕೆ ಸಹಿ ಹಾಕುವವರೂ ಅಕೌಂಟೆಂಟೇ. ಇಬ್ಬರ ಸಂಬಳದ ನಡುವೆ ಹಲವು ಪಟ್ಟು ಅಂತರ. ಆ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು. ಅಂಕಿ ತಪ್ಪಾದಾಗ ಯಾರನ್ನು ಕರೆಯುತ್ತಾರೆ? ಈ ಕೆಲಸದಲ್ಲಿ ಸಂಬಳ ಏರುವುದು ಆ ಉತ್ತರದ ಹಿಂದೆಯೇ.

ಮೊದಲ ಮೆಟ್ಟಿಲಿನಿಂದ ಶುರು ಮಾಡೋಣ. ಹೊಸಬರಿಗೆ ಸಿಗುವ ಕೆಲಸ ಸಾಮಾನ್ಯವಾಗಿ ಮೂರು ನಾಲ್ಕು ಬಗೆಯದು. ಸರಬರಾಜುದಾರರ ಬಿಲ್ಲು ನಮೂದಿಸಿ ಪಾವತಿಗೆ ಕಳಿಸುವುದು, ಗಿರಾಕಿಗಳಿಂದ ಬರಬೇಕಾದ ಬಾಕಿ ನೋಡಿಕೊಳ್ಳುವುದು, ಸಂಬಳದ ಪಟ್ಟಿ ಮಾಡುವುದು, ಬ್ಯಾಂಕ್ ತಾಳೆ ನೋಡುವುದು, ಅಂದರೆ ನಮ್ಮ ಪುಸ್ತಕವೂ ಬ್ಯಾಂಕಿನ ಲೆಕ್ಕವೂ ಹೊಂದುತ್ತವೆಯೇ ಎಂದು ಹೋಲಿಸುವುದು. ಬಿಲ್ಲಿನ ಚಿತ್ರದಿಂದಲೇ ಮೊತ್ತ ಓದಿ ನಮೂದಿಸುವ ತಂತ್ರಾಂಶ ಈಗ ಬಂದಿರುವುದರಿಂದ ಬರೀ ನಮೂದು ಮಾಡುವವರ ಬೆಲೆ ಇಳಿಯುತ್ತಿದೆ. ಹೊಂದದ ಲೆಕ್ಕವನ್ನು ಹಿಡಿಯಬಲ್ಲವರ ಬೆಲೆ ಮಾತ್ರ ಇಳಿದಿಲ್ಲ.

ಹಿಡಿಯುವುದು ಅಂದರೇನು, ಸ್ವಲ್ಪ ಹತ್ತಿರದಿಂದ ನೋಡಿ. ಎಲ್ಲ ಖಾತೆಗಳ ಖರ್ಚು, ಜಮಾ ಮೊತ್ತಗಳನ್ನು ಎದುರುಬದುರು ಬರೆದ ತಾಳೆಪಟ್ಟಿಯ ಎರಡು ಬದಿಗಳ ನಡುವೆ 27ರ ವ್ಯತ್ಯಾಸ ಬಂದಿದೆ. ಹೊಸಬರು ಇಡೀ ತಿಂಗಳ ವೋಚರ್ ಕಟ್ಟನ್ನು ಬಿಚ್ಚಿ ಕೂರುತ್ತಾರೆ. ಪಳಗಿದವರು ಮೊದಲು ಆ ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು ನೋಡುತ್ತಾರೆ. ಆಯಿತೆಂದರೆ ಎಲ್ಲೋ ಎರಡು ಅಂಕೆ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 63 ಬರೆಯುವಲ್ಲಿ 36 ಬಿದ್ದರೆ ಬರುವ ವ್ಯತ್ಯಾಸ ಸರಿಯಾಗಿ 27. ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧದ ಮೊತ್ತವನ್ನು ಹುಡುಕುತ್ತಾರೆ, ಏಕೆಂದರೆ ಖರ್ಚಿನ ಬದಿಗೆ ಹೋಗಬೇಕಾದದ್ದು ಜಮಾ ಬದಿಗೆ ಬಿದ್ದರೆ ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಎರಡೂ ಹೊಂದದಿದ್ದರೆ ಮಾತ್ರ ಕಟ್ಟು ಬಿಚ್ಚುವುದು. ಇನ್ನು, ಹೊಂದದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ, ಅಂದರೆ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ, ತಳ್ಳಿ ಮನೆಗೆ ಹೋಗುವ ಚಾಳಿ ದಯವಿಟ್ಟು ಬೇಡ. ಇವತ್ತು 27 ಕಾಣುವುದು ಒಂದೇ ಬದಿಯಲ್ಲಿ ಒಂದು ನಮೂದು 5,027 ಹೆಚ್ಚಾಗಿ ಇನ್ನೊಂದು ನಮೂದು 5,000 ಕಡಿಮೆಯಾದದ್ದರ ಫಲವೂ ಆಗಿರಬಹುದು. ಸಣ್ಣ ವ್ಯತ್ಯಾಸದ ಕೆಳಗೆ ಎರಡು ದೊಡ್ಡ ತಪ್ಪು ಮಲಗಿರುತ್ತವೆ.

ಎರಡನೆಯ ಮೆಟ್ಟಿಲು ತಿಂಗಳ ಲೆಕ್ಕ ಮುಗಿಸುವುದು. ಸಂಬಳ ಮೊದಲ ಸಲ ನಿಜವಾಗಿ ಜಿಗಿಯುವುದು ಇಲ್ಲೇ. ತಿಂಗಳ ಕೊನೆಯ ದಿನ ಸರಕು ಗೋದಾಮಿಗೆ ಬಂದಿದೆ, ಬಿಲ್ಲು ಬಂದದ್ದು ಮುಂದಿನ ತಿಂಗಳ 3ನೇ ತಾರೀಕು. ಸರಕನ್ನು ದಾಸ್ತಾನಿನಲ್ಲಿ ಎಣಿಸಿ ಖರೀದಿಯನ್ನು ಬಿಟ್ಟರೆ ಈ ತಿಂಗಳ ಲಾಭ ಸುಳ್ಳಾಗಿ ಉಬ್ಬುತ್ತದೆ, ಮುಂದಿನ ತಿಂಗಳು ಅಷ್ಟೇ ಕುಸಿಯುತ್ತದೆ. ಕರೆಂಟ್ ಬಿಲ್ಲು ಇನ್ನೂ ಬಂದಿಲ್ಲವಾದರೂ ಉರಿಸಿದ್ದಾಗಿದೆ, ಅಂದಾಜು ಮೊತ್ತವನ್ನು ಬಾಕಿ ಖರ್ಚಾಗಿ ತೋರಿಸಬೇಕು. ಮುಂದಿನ ತಿಂಗಳ ಮೊದಲ ದಿನವೇ ಆ ನಮೂದನ್ನು ತಿರುಗಿಸಬೇಕು, ಅಂದರೆ ಉಲ್ಟಾ ನಮೂದು ಹಾಕಿ ಅಳಿಸಬೇಕು. ಮರೆತರೆ ನಿಜವಾದ ಬಿಲ್ಲು ಬಂದಾಗ ಖರ್ಚು ಎರಡು ಸಲ ಬೀಳುತ್ತದೆ. ಆಮೇಲೆ ಯಂತ್ರ ಕಟ್ಟಡಗಳು ಸವೆದಷ್ಟು ಬೆಲೆ ಇಳಿಸುವ ಸವಕಳಿ, ಮುಂಗಡ ಕೊಟ್ಟ ಬಾಡಿಗೆಯಲ್ಲಿ ಈ ತಿಂಗಳ ಪಾಲು, ಬ್ಯಾಂಕ್ ತಾಳೆ, ದಾಸ್ತಾನು, ಕೊನೆಗೆ ಕಳೆದ ತಿಂಗಳೊಂದಿಗೆ ಹೋಲಿಕೆ. ಇಷ್ಟನ್ನು ಯಾರ ಸಹಾಯವೂ ಇಲ್ಲದೆ ತುದಿ ಮುಟ್ಟಿಸಬಲ್ಲವರನ್ನು ಹಿರಿಯ ಅಕೌಂಟೆಂಟ್ ಎನ್ನಬಹುದು. ಒಂದೇ ಮೇಜಿನಲ್ಲಿ ಐದು ವರ್ಷ ಬರೀ ಬಿಲ್ಲು ನಮೂದಿಸಿದವರಿಗೆ ಐದು ವರ್ಷದ ಅನುಭವ ಆಗುವುದಿಲ್ಲ, ಒಂದು ವರ್ಷದ ಅನುಭವ ಐದು ಸಲ ಆಗುತ್ತದೆ. ಹಾಗಾಗಿ ಹನ್ನೆರಡು ಹದಿನೆಂಟು ತಿಂಗಳಿಗೊಮ್ಮೆ ಮೇಜು ಬದಲಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕಡೆ ಬೇರೆ ಕಂಪನಿಗಳ ಲೆಕ್ಕ ಪರಿಶೀಲಿಸುವ ಆಡಿಟ್ ಸಂಸ್ಥೆ, ಇನ್ನೊಂದು ಕಡೆ ಕಂಪನಿಯ ಒಳಗಿನ ಕೆಲಸ.

ಆಡಿಟ್ ಸಂಸ್ಥೆಯಲ್ಲಿ ಸಹಾಯಕ, ಹಿರಿಯ, ಮ್ಯಾನೇಜರ್, ಪಾಲುದಾರ ಎಂದು ಮೆಟ್ಟಿಲುಗಳು ಸ್ಪಷ್ಟ. ಎರಡು ಮೂರು ವರ್ಷದಲ್ಲಿ ಹತ್ತಾರು ಕಂಪನಿಗಳ ಲೆಕ್ಕ ಕಣ್ಣಿಗೆ ಬೀಳುತ್ತದೆ. ಇದು ಬೇರೆಲ್ಲೂ ಸಿಗದ ವಿದ್ಯೆ. ಇದಕ್ಕೆ ತೆರುವ ಬೆಲೆ ಸಮಯ. ವರ್ಷಾಂತ್ಯದ ಲೆಕ್ಕ ಮುಗಿಸುವ ತಿಂಗಳುಗಳಲ್ಲಿ ವಾರಕ್ಕೆ 60 ಗಂಟೆ ದಾಟುವುದು ಸಾಮಾನ್ಯ. ಬಿಟ್ಟು ಕಂಪನಿಗೆ ಹೋಗುವುದಾದರೆ ಯಾವಾಗ ಹೋಗಬೇಕು? ಒಂದು ಆಡಿಟ್ಟನ್ನು ಯೋಜನೆಯಿಂದ ವರದಿಯ ಸಹಿಯವರೆಗೆ ಸ್ವತಃ ನಡೆಸಿದ ಮೇಲೆ. ಅದಕ್ಕೆ ಮೊದಲೇ ಹೋದವರ ಕೈಯಲ್ಲಿ ಬೇರೆಯವರು ಹೇಳಿಕೊಟ್ಟ ವೋಚರ್ ಪರಿಶೀಲನೆ ಬಿಟ್ಟರೆ ತೋರಿಸಲು ಹೆಚ್ಚೇನೂ ಇರುವುದಿಲ್ಲ. ತೀರಾ ತಡ ಮಾಡಿದರೆ ಇನ್ನೊಂದು ತೊಡಕು. ಬೇರೆಯವರ ಲೆಕ್ಕ ನೋಡುವುದು ಮಾತ್ರ ಗೊತ್ತು, ಲೆಕ್ಕ ಕಟ್ಟುವುದು ಗೊತ್ತಿಲ್ಲ ಎಂದು ಕಂಪನಿಗಳು ಹಿಂದೇಟು ಹಾಕುತ್ತವೆ.

ತೆರಿಗೆಯ ದಾರಿ ಬೇರೆಯೇ. ಕಾನೂನು ಓದುವ ತಾಳ್ಮೆ ಇದ್ದವರಿಗೆ ಅದು ಕೊನೆತನಕ ಅನ್ನ ಹಾಕುತ್ತದೆ. ಆದರೆ ಒಂದು ದೇಶದ ತೆರಿಗೆ ಜ್ಞಾನ ಇನ್ನೊಂದು ದೇಶದಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಹೊರದೇಶದ ಕನಸು ಇರುವವರು ಇದನ್ನು ಮೊದಲೇ ಯೋಚಿಸಬೇಕು.

ಯುವಕರು ಕಡೆಗಣಿಸುವ ದಾರಿ ಒಂದಿದೆ, ವೆಚ್ಚದ ಲೆಕ್ಕ. ನನ್ನ ಎಣಿಕೆಯಲ್ಲಿ ಸಂಬಳಕ್ಕೂ ಕಲಿಕೆಗೂ ಅದರಷ್ಟು ಒಳ್ಳೆಯ ದಾರಿ ಕಡಿಮೆ. ಉದಾಹರಣೆ ಕೇಳಿ. ಒಂದು ವಸ್ತು ಮಾಡಲು 5 ಕಿಲೋ ಕಚ್ಚಾಮಾಲು ಬೇಕು, ಕಿಲೋಗೆ 10ರಂತೆ ಖರ್ಚು 50 ಆಗಬೇಕು ಎಂಬುದು ಗೊತ್ತುಮಾಡಿದ ಲೆಕ್ಕ. ನಿಜವಾಗಿ ಖರ್ಚಾದದ್ದು ಐದೂವರೆ ಕಿಲೋ, ಕಿಲೋಗೆ 9ರಂತೆ ಒಟ್ಟು 49.50. ಮೇಲಿಂದ ನೋಡಿದರೆ 50 ಪೈಸೆ ಉಳಿತಾಯ, ಎಲ್ಲರಿಗೂ ಸಂತೋಷ. ಬಿಡಿಸಿ ನೋಡಿ. ದರದಲ್ಲಿ ಉಳಿದದ್ದು ಐದೂವರೆ, ಹೆಚ್ಚು ಮಾಲು ಬಳಸಿದ್ದರಿಂದ ಹೋದದ್ದು 5. ಖರೀದಿಯವರು ಅಗ್ಗದ ಮಾಲು ತಂದರು, ಅದು ಕಾರ್ಖಾನೆಯಲ್ಲಿ ಹೆಚ್ಚು ಹಾಳಾಯಿತು. ಮುಂದಿನ ತಿಂಗಳು ದರ ಒಂಬತ್ತೂವರೆಗೆ ಏರಿ ಬಳಕೆ ಹಾಗೇ ಉಳಿದರೆ ಖರ್ಚು 52.25 ಆಗಿ ನಷ್ಟ ಶುರುವಾಯಿತು. ಇದನ್ನು ಈ ತಿಂಗಳೇ ಹೋಗಿ ಹೇಳುವ ಅಕೌಂಟೆಂಟ್‌ಗೆ ಕಂಪನಿ ಹೆಚ್ಚು ಕೊಡುತ್ತದೆ, ಕೊಡಲೇಬೇಕು. ಬರೀ 49.50 ಎಂದು ಬರೆದಿಡುವ ಕೆಲಸವನ್ನು ಯಂತ್ರ ಮಾಡುತ್ತದೆ.

ಈಗ ಪದವಿಗಳ ಮಾತು. ಲೆಕ್ಕಪರಿಶೋಧನೆಗೆ ಕಾನೂನುಬದ್ಧವಾಗಿ ಸಹಿ ಹಾಕುವ ಹಕ್ಕು ಆಯಾ ದೇಶದ ಪರವಾನಗಿ ಇದ್ದವರಿಗಷ್ಟೇ. ಆಡಿಟ್ಟಿನಲ್ಲೇ ಮುಂದುವರಿಯುವುದಾದರೆ ಅದಿಲ್ಲದೆ ಒಂದು ಮಟ್ಟದ ಮೇಲೆ ಏರಲಾಗುವುದಿಲ್ಲ. ಲಂಡನ್ ಮೂಲದ ಅಕೌಂಟೆಂಟ್ ಸಂಘವಾದ ಎಸಿಸಿಎ ಕೊಡುವ ಪದವಿಗೆ ಇದುವರೆಗಿನ ಪಠ್ಯಕ್ರಮದಲ್ಲಿ 13 ಪತ್ರಿಕೆ ಮತ್ತು 36 ತಿಂಗಳ ಕೆಲಸದ ಅನುಭವ ಬೇಕು. ಪತ್ರಿಕೆಗೆ 50 ಬಂದರೆ ಪಾಸು. ಮೊದಲು ಓದಿದ್ದಕ್ಕೆ ಕೆಲವು ಪತ್ರಿಕೆಗಳ ವಿನಾಯಿತಿ ಸಿಗುವುದುಂಟು. ಅಮೆರಿಕದ ಅಕೌಂಟೆಂಟ್ ಪರವಾನಗಿಗೆ ಬೇಕಾದ ಸಿಪಿಎ ಪರೀಕ್ಷೆಯಲ್ಲಿ 4 ಭಾಗ, ಪ್ರತಿಯೊಂದಕ್ಕೂ ಕನಿಷ್ಠ 75 ಬೇಕು. ಒಂದು ಭಾಗ ಪಾಸಾದ ಮೇಲೆ ಉಳಿದದ್ದನ್ನು ಗೊತ್ತಾದ ಅವಧಿಯೊಳಗೆ ಮುಗಿಸದಿದ್ದರೆ ಮೊದಲಿನದು ಬಿದ್ದುಹೋಗುತ್ತದೆ. ಕಂಪನಿಯ ಒಳಗಿನ ಲೆಕ್ಕಕ್ಕೆಂದೇ ಇರುವ ಅಮೆರಿಕದ ಸಿಎಂಎ ಎರಡೇ ಭಾಗ, 500ಕ್ಕೆ 360 ಬಂದರೆ ಪಾಸು. ಯಾವುದನ್ನು ಆರಿಸಿದರೂ ಒಂದನ್ನು ಪೂರ್ತಿ ಮುಗಿಸಿ. ಮೂರು ಕಡೆ ಅರ್ಧರ್ಧ ಪಾಸಾದದ್ದಕ್ಕೆ ಸಂಬಳದಲ್ಲಿ ಬೆಲೆ ಇಲ್ಲ. ಪರೀಕ್ಷೆಗೆ ಕೆಲಸ ಬಿಟ್ಟು ಕೂರುವುದಕ್ಕಿಂತ ಫೀಸು, ಓದಿನ ರಜೆ ಕೊಡುವ ಸಂಸ್ಥೆಯಲ್ಲಿದ್ದು ಓದುವುದು ಲೇಸು. ಆ ಫೀಸು ಕೂಡ ಸಂಬಳದ ಭಾಗವೇ ಎಂದು ಎಣಿಸಿ. ಆದರೆ ಫೀಸು ಕೊಟ್ಟಿದ್ದಕ್ಕೆ ಇಷ್ಟು ವರ್ಷ ಇರಲೇಬೇಕು ಎಂಬ ಷರತ್ತು ಇದ್ದರೆ ಸಹಿಗೆ ಮೊದಲು ಓದಿಕೊಳ್ಳಿ.

ಕೆಲಸದ ಪತ್ರ ಕೈಗೆ ಬಂದಾಗ ಅಕೌಂಟೆಂಟ್‌ಗಳೇ ತಮ್ಮ ಲೆಕ್ಕದಲ್ಲಿ ಎಡವುತ್ತಾರೆ, ಇದು ನೋವಿನ ವಿಷಯ. ಹೋಲಿಕೆಗೆಂದು ಸಣ್ಣ ಅಂಕಿ ಹಿಡಿಯೋಣ, ಪತ್ರದಲ್ಲಿ 125 ಎಂದಿದೆ. ಅದರಲ್ಲಿ 20 ಕಂಪನಿಯ ಲಾಭ ನೋಡಿ ಕೊಡುವ ಪಾಲು, 10 ನಿವೃತ್ತಿ ನಿಧಿಗೆ ಕಂಪನಿ ಕಟ್ಟುವ ಹಣ. ತಿಂಗಳು ತಿಂಗಳು ಬರುವುದು 95ರ ಲೆಕ್ಕದಲ್ಲಿ, ಅದರಲ್ಲೂ ತೆರಿಗೆ ಕಳೆಯಬೇಕು. ಕಳೆದ ಮೂರು ವರ್ಷ ಆ 20ರಲ್ಲಿ ನಿಜಕ್ಕೂ ಕೊಟ್ಟದ್ದೆಷ್ಟು ಎಂದು ಕೇಳಿ. ನಂತರ ಗಂಟೆಯ ಲೆಕ್ಕ ಹಾಕಿ. ವಾರಕ್ಕೆ 40 ಗಂಟೆಗೆ 100 ಕೊಡುವ ಕಡೆ ಗಂಟೆಗೆ ಎರಡೂವರೆ ಬೀಳುತ್ತದೆ. 58 ಗಂಟೆಗೆ 125 ಕೊಡುವ ಕಡೆ ಎರಡೂಕಾಲು ಕೂಡ ಇಲ್ಲ. ಕಲಿಕೆ ಹೆಚ್ಚಿದ್ದರೆ ಎರಡನೆಯದನ್ನು ಒಪ್ಪಿಕೊಳ್ಳಬಹುದು, ಆದರೆ ಹೆಚ್ಚು ಸಂಬಳ ಎಂದುಕೊಂಡು ಒಪ್ಪಬೇಡಿ.

ಆರಂಭದ ಸಂಬಳಕ್ಕಿಂತ ಏರಿಕೆಯ ವೇಗ ದೊಡ್ಡದು. 120ಕ್ಕೆ ಸೇರಿ ವರ್ಷಕ್ಕೆ ನೂರಕ್ಕೆ 3ರಂತೆ ಏರುವವರನ್ನು, 100ಕ್ಕೆ ಸೇರಿ ನೂರಕ್ಕೆ 8ರಂತೆ ಏರುವವರು ನಾಲ್ಕನೆಯ ಹೆಚ್ಚಳದಲ್ಲೇ ದಾಟುತ್ತಾರೆ. ಹತ್ತು ವರ್ಷಕ್ಕೆ ಮೊದಲನೆಯವರು 161, ಎರಡನೆಯವರು 216. ಬೆಲೆಯೇರಿಕೆ ನೂರಕ್ಕೆ 6 ಇದ್ದರೆ ಮೊದಲನೆಯವರ ಸಂಬಳ ಕಾಗದದಲ್ಲಿ ಏರುತ್ತಾ ಸಂತೆಯಲ್ಲಿ ಇಳಿಯುತ್ತಿರುತ್ತದೆ.

ಹೆಚ್ಚಳ ಕೇಳುವಾಗ ಪಕ್ಕದವರ ಸಂಬಳವನ್ನಾಗಲಿ ಮನೆಯ ಖರ್ಚನ್ನಾಗಲಿ ಮುಂದಿಡಬೇಡಿ. ನಿಮ್ಮ ಕೆಲಸದ ಅಂಕಿಯನ್ನು ಮುಂದಿಡಿ. ತಿಂಗಳ ಲೆಕ್ಕ ಮುಗಿಯಲು 9 ದಿನ ಬೇಕಿತ್ತು, ಈಗ 5. ಆಡಿಟರ್ ಕಳೆದ ವರ್ಷ 14 ತಿದ್ದುಪಡಿ ಹಾಕಿದ್ದರು, ಈ ವರ್ಷ 3. ವರ್ಷದಲ್ಲಿ ಸಾಲಕ್ಕೆ ಕೊಟ್ಟ ಮಾರಾಟ 365 ಲಕ್ಷ, ಬಾಕಿ ವಸೂಲಿಗೆ 60 ದಿನ ಹಿಡಿಯುತ್ತಿದ್ದದ್ದು 45ಕ್ಕೆ ಇಳಿದಿದೆ ಅಂದರೆ 15 ಲಕ್ಷ ಕೈಗೆ ಬಂದಂತೆ. ನೂರಕ್ಕೆ 10ರ ಬಡ್ಡಿ ಹಿಡಿದರೂ ವರ್ಷಕ್ಕೆ ಒಂದೂವರೆ ಲಕ್ಷ ಉಳಿತಾಯ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಮುಂದಿನ ವರ್ಷದ ಬಜೆಟ್ ಮುಗಿಯುವ ಎರಡು ತಿಂಗಳ ಮೊದಲೇ ಕೊಡಿ. ಬಜೆಟ್ ಮುಗಿದ ಮೇಲೆ ಕೇಳಿದರೆ, ಕೊಡಬೇಕೆಂಬ ಮನಸ್ಸಿದ್ದರೂ ಮೇಲಧಿಕಾರಿಯ ಕೈ ಕಟ್ಟಿರುತ್ತದೆ.

ಮೇಲಿನ ಮೆಟ್ಟಿಲಲ್ಲಿ ಎರಡು ಕುರ್ಚಿ. ಒಬ್ಬರು ಹಣಕಾಸು ನಿಯಂತ್ರಕರು, ಆಗಿಹೋದ ಲೆಕ್ಕಕ್ಕೆ ಜವಾಬುದಾರರು. ಇನ್ನೊಬ್ಬರು ಸಿಎಫ್‌ಒ, ಅಂದರೆ ಮುಖ್ಯ ಹಣಕಾಸು ಅಧಿಕಾರಿ, ಮುಂದೆ ಬರುವ ಹಣಕ್ಕೆ ಜವಾಬುದಾರರು. ಬ್ಯಾಂಕಿನವರ ಎದುರು ಕೂತು ಮುಂದಿನ 13 ವಾರ ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಎಲ್ಲಿ ಕೊರತೆ ಬೀಳುತ್ತದೆ ಎಂದು ಹೇಳಬೇಕಾದವರು ಅವರೇ. ಅಲ್ಲಿ ಸಂಬಳ ದೊಡ್ಡದು, ಹೊಣೆ ಅದಕ್ಕಿಂತ ದೊಡ್ಡದು. ಅಮೆರಿಕದ ಎನ್ರಾನ್ ಎಂಬ ಇಂಧನ ಕಂಪನಿ ಲೆಕ್ಕದ ಮೋಸ ಬಯಲಾಗಿ 2001ರಲ್ಲಿ ದಿವಾಳಿಯಾಯಿತು. ಅದರ ಆಡಿಟ್ ಮಾಡುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ ಮರುವರ್ಷ ಷೇರುಪೇಟೆಯ ಕಂಪನಿಗಳ ಆಡಿಟ್ ಕೆಲಸವನ್ನೇ ನಿಲ್ಲಿಸಬೇಕಾಯಿತು. ಅದೇ 2002ರ ಸಾರ್ಬೇನ್ಸ್ ಆಕ್ಸ್ಲಿ ಕಾನೂನು, ಅಲ್ಲಿ ಷೇರುಪೇಟೆಗೆ ಬಂದ ಕಂಪನಿಗಳ ಮುಖ್ಯಸ್ಥರೂ ಸಿಎಫ್‌ಒಗಳೂ ಲೆಕ್ಕ ಸರಿಯಿದೆ ಎಂದು ಸ್ವತಃ ಸಹಿ ಮಾಡಬೇಕೆಂದಿತು. ಗೊತ್ತಿದ್ದೂ ಸುಳ್ಳು ಸಹಿ ಹಾಕಿದರೆ ಜೈಲು. ಆದ್ದರಿಂದ ತಿಂಗಳ ಕೊನೆಯಲ್ಲಿ ಯಾರಾದರೂ "ಈ ಮಾರಾಟವನ್ನು ಎರಡು ದಿನ ಹಿಂದಕ್ಕೆ ಹಾಕಿಬಿಡಿ" ಎಂದರೆ, ಆ ಸೂಚನೆಯನ್ನು ಬರೆದು ಕೊಡಿ ಎಂದು ಕೇಳಿ. ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಬೇರೆ ಕೆಲಸ ಹುಡುಕುವ ಹೊತ್ತಾಯಿತು ಎಂದು ತಿಳಿಯಿರಿ.

ಕೊನೆಯದಾಗಿ, ಸಂದರ್ಶನಕ್ಕೆ ಹೋದಾಗ ನೀವೂ ಕೇಳಿ. ಹುದ್ದೆಯ ಹೆಸರಿಗೆ ಮರುಳಾಗಬೇಡಿ, ಚಿಕ್ಕ ಸಂಸ್ಥೆಯ ಫೈನಾನ್ಸ್ ಮ್ಯಾನೇಜರ್ ವೋಚರ್ ಕೂಡ ತಾನೇ ಬರೆಯುತ್ತಿರಬಹುದು. ಕಳೆದ ತಿಂಗಳ ಲೆಕ್ಕ ಯಾವ ತಾರೀಕಿಗೆ ಮುಗಿಯಿತು? ಈ ಕುರ್ಚಿಯಲ್ಲಿ ಮೊದಲು ಇದ್ದವರು ಎಷ್ಟು ವರ್ಷ ಇದ್ದರು, ಈಗ ಎಲ್ಲಿದ್ದಾರೆ? ಬ್ಯಾಂಕ್ ತಾಳೆಯಲ್ಲಿ ಮೂರು ತಿಂಗಳಿಗಿಂತ ಹಳೆಯ, ಇನ್ನೂ ಹೊಂದದೆ ಉಳಿದ ಬಾಕಿ ಎಷ್ಟಿದೆ? ಮೂರನೆಯ ಪ್ರಶ್ನೆಗೆ ತಡವರಿಸಿದರೆ, ನೀವು ಸೇರಿದ ಮೊದಲ ಆರು ತಿಂಗಳು ಆ ಹಳೆಯ ಕೊಳೆ ತೊಳೆಯುವುದರಲ್ಲೇ ಹೋಗುತ್ತದೆ. ಅದಕ್ಕೆ ತಕ್ಕ ಸಂಬಳವನ್ನು ಅಲ್ಲೇ, ಆ ಮೇಜಿನಲ್ಲೇ ಕೇಳಿ. ನಮಸ್ಕಾರ.