ಮೂವತ್ತು ಸಲ ಓದಿದರೂ ಉಳಿಯುವ ತಪ್ಪು

ಅಧ್ಯಕ್ಷರೇ, ಬಸವನಗುಡಿಯ ಗೆಳೆಯರೇ,

ಡಿಎನ್‌ಎ ಅಂದರೇನು ಎಂದು ಈ ಸಭೆಗೆ ಹೇಳಬೇಕಾಗಿಲ್ಲ. ನೇರವಾಗಿ ಅದನ್ನು ಓದುವಾಗ ಆಗುವ ತಪ್ಪುಗಳಿಗೇ ಬರುತ್ತೇನೆ. ಜೆನೆಟಿಕ್ ರಿಪೋರ್ಟು ಈಗ ನಮ್ಮ ಮನೆಗಳಿಗೂ ಬರುತ್ತಿದೆ, ಅದನ್ನು ನಂಬಿ ಜನ ಆಪರೇಷನ್ನಿಗೆ ಒಪ್ಪುತ್ತಿದ್ದಾರೆ. ಹಾಗಾಗಿ ಈ ಮಾತು ಲ್ಯಾಬಿನೊಳಗೇ ಉಳಿಯಬಾರದು.

ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರ ತಾನು ಓದಿದ ಪ್ರತಿ ಅಕ್ಷರಕ್ಕೂ ಒಂದು ಫ್ರೆಡ್ ಅಂಕ, ಅಂದರೆ ಆ ಓದನ್ನು ಎಷ್ಟು ನಂಬಬಹುದು ಎಂಬ ಅಂಕ, ಕೊಡುತ್ತದೆ. 20 ಅಂದರೆ ನೂರಕ್ಕೊಂದು ತಪ್ಪಿರಬಹುದು, 30 ಅಂದರೆ ಸಾವಿರಕ್ಕೊಂದು. ಸಾವಿರಕ್ಕೊಂದು ತಾನೇ ಅನ್ನಬೇಡಿ. ನಮ್ಮ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಸುಮಾರು 300 ಕೋಟಿ ಅಕ್ಷರಗಳಿವೆ, ಒಂದೇ ಸಲ ಓದಿ ಬಿಟ್ಟರೆ 30 ಲಕ್ಷ ತಪ್ಪು! ಚಾಮರಾಜನಗರದ ಸೋಲಿಗರನ್ನು ಕಾಡುವ ಸಿಕಲ್ ಸೆಲ್ ಕಾಯಿಲೆಗೆ ಕಾರಣವಾದದ್ದು ಒಂದೇ ಅಕ್ಷರ, ಬೀಟಾ ಗ್ಲೋಬಿನ್ ಜೀನಿನಲ್ಲಿ ‘ಎ’ ಇರಬೇಕಾದಲ್ಲಿ ‘ಟಿ’.

ಅದಕ್ಕೇ ಒಂದೊಂದು ಜಾಗವನ್ನೂ ಮೂವತ್ತು ಸಲ ಓದುತ್ತಾರೆ. ಇಪ್ಪತ್ತೊಂಬತ್ತು ‘ಸಿ’, ಒಂದು ‘ಟಿ’ ಬಂದರೆ ಆ ‘ಟಿ’ಯನ್ನು ಬಿಟ್ಟುಬಿಡಬಹುದು. ಹದಿನೈದು, ಹದಿನೈದು ಬಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಆರು ‘ಟಿ’ ಬಂದರೆ? ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಆ ಆರೂ ಡಿಎನ್‌ಎಯ ಎರಡು ಎಳೆಗಳಲ್ಲಿ ಒಂದರಿಂದಲೇ ಬಂದವೇ? ಓದಿನ ಬಾಲದಲ್ಲೇ, ಅಂದರೆ ಕೊನೆಯಲ್ಲೇ, ಇವೆಯೇ? ತುಂಬ ಬಳಕೆಯಲ್ಲಿರುವ ಇಲ್ಯುಮಿನಾ ಯಂತ್ರದಲ್ಲಿ ಬಾಲದ ಕಡೆ ಹೋದಂತೆ ತಪ್ಪು ಹೆಚ್ಚು. ಡಿಎನ್‌ಎಯನ್ನು ತುಣುಕು ಮಾಡಿ ಓದುತ್ತಾರೆ; ಆ ಆರೂ ತುಣುಕುಗಳು ಒಂದೇ ಕಡೆ ಶುರುವಾಗಿ ಒಂದೇ ಕಡೆ ಮುಗಿಯುತ್ತವೆಯೇ? ಹಾಗಿದ್ದರೆ ಅವು ಒಂದೇ ತುಣುಕಿನ ಪಿಸಿಆರ್ (ಡಿಎನ್‌ಎಯನ್ನು ನಕಲು ಮಾಡುವ ವಿಧಾನ) ಪ್ರತಿಗಳಿರಬೇಕು. ಲಗ್ನಪತ್ರಿಕೆಯ ಕರಡಿನಲ್ಲೇ ತಾರೀಖು ತಪ್ಪಿದ್ದರೆ ಐನೂರು ಪ್ರತಿ ತಾಳೆ ನೋಡಿ ಏನು ಬಂತು?

ನಾನು ಎಲ್ಲಿ ಹೋದರೂ ಹೇಳುವುದು ಇದೊಂದೇ: ಮತ್ತೆ ಮತ್ತೆ ಓದಿದರೆ ಸಾಲದು, ಬೇರೆ ದಾರಿಯಿಂದ ಓದಬೇಕು.

ಜರ್ಮನಿಯ ಹೈಲ್‌ಬ್ರಾನ್ ಪ್ರಕರಣವನ್ನು ಕೆಲವರು ಕೇಳಿರಬಹುದು, ಆದರೂ ಹೇಳದೆ ಇರಲಾರೆ. 2007ರಲ್ಲಿ ಅಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಕಾರಿನ ಮೇಲೆ ಯಾವಳೋ ಹೆಂಗಸಿನ ಡಿಎನ್‌ಎ ಸಿಕ್ಕಿತು. ನೋಡಿದರೆ ಅದೇ ಡಿಎನ್‌ಎ ಹಳೆಯ ಕೊಲೆಯಲ್ಲಿದೆ, ಕಳ್ಳತನದಲ್ಲಿದೆ, ಯಾರೋ ಅರ್ಧ ತಿಂದಿಟ್ಟ ಬಿಸ್ಕತ್ತಿನಲ್ಲಿದೆ! ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಕಡೆ. ಅವಳ ಸುಳಿವಿಗೆ 3 ಲಕ್ಷ ಯೂರೋ ಬಹುಮಾನ ಕಟ್ಟಿದರು. ಪ್ರತಿ ಸಲ ಹೊಂದಿಕೆಯಾದಾಗಲೂ ಪೊಲೀಸರ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಕೊನೆಗೆ 2009ರಲ್ಲಿ, ಸುಟ್ಟುಹೋಗಿದ್ದ ಒಬ್ಬ ಗಂಡಸಿನ ಗುರುತು ಹಿಡಿಯಲು ಅವನ ಬೆರಳಚ್ಚಿನಿಂದ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ ತೆಗೆದರೆ ಅಲ್ಲೂ ಅವಳೇ! ಬೇರೆ ಹತ್ತಿಕಡ್ಡಿ ಬಳಸಿದಾಗ ಅವಳ ಸುಳಿವೇ ಇಲ್ಲ. ಆಕೆ ಆ ಹತ್ತಿಕಡ್ಡಿಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾರ್ಮಿಕಳು, ಪಾಪ. ಕಡ್ಡಿಗಳು ಸ್ಟೆರೈಲ್ ಆಗಿದ್ದವು. ಆದರೆ ಅದರಿಂದ ಸೂಕ್ಷ್ಮಜೀವಿ ಸಾಯುತ್ತದೆ, ಡಿಎನ್‌ಎ ಪೂರ್ತಿ ಅಳಿಯುವುದಿಲ್ಲ.

ಅಲ್ಲಿ ಅಕ್ಷರ ಅಕ್ಷರ ಓದುವ ಸೀಕ್ವೆನ್ಸಿಂಗ್ ಮಾಡಿರಲಿಲ್ಲ, ಕೆಲವು ಜಾಗಗಳನ್ನಷ್ಟೇ ಹೋಲಿಸುವ ಪ್ರೊಫೈಲಿಂಗ್ ಮಾಡಿದ್ದರು. ಆದರೂ ನಮ್ಮ ಸಮಸ್ಯೆ ಅದೇ. ಲ್ಯಾಬು ಸರಿಯಾಗಿಯೇ ಓದಿತ್ತು. ಓದಲು ಕೊಟ್ಟದ್ದೇ ಕೆಟ್ಟಿತ್ತು. ಅದಕ್ಕೇ ಸ್ಯಾಂಪಲ್ ಹಾಕದ ಖಾಲಿ ಟ್ಯೂಬನ್ನೂ ಜೊತೆಗೆ ಓಡಿಸಬೇಕು; ಅದರಲ್ಲೂ ಡಿಎನ್‌ಎ ಕಂಡರೆ ಅದು ಹೊರಗಿನಿಂದ ಸೇರಿದ್ದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಹೇಳುತ್ತೇನೆ. ಕೊಳೆಯದಂತೆ ಫಾರ್ಮಲಿನ್‌ನಲ್ಲಿಟ್ಟ ಬಯಾಪ್ಸಿ ತುಣುಕಿನಲ್ಲಿ ಅಲ್ಲಲ್ಲಿ ‘ಸಿ’ ಕೆಟ್ಟು ‘ಟಿ’ಯಂತೆ ಓದಿಸಿಕೊಳ್ಳುತ್ತದೆ. ನೀವು ಸಾವಿರ ಸಲ ಓದಿ, ಅದು ‘ಟಿ’ಯೇ. ಆದರೆ ಆ ಹಾನಿ ಆಗಿರುವುದು ಸಾಮಾನ್ಯವಾಗಿ ಒಂದು ಎಳೆಗೆ ಮಾತ್ರ. ಪ್ರತಿ ಮಾಡುವ ಮೊದಲೇ ತುಣುಕಿಗೆ ಗುರುತು ಕಟ್ಟಿ, ಎರಡು ಎಳೆಗಳನ್ನೂ ಬೇರೆಬೇರೆ ಓದಿ ತಾಳೆ ಹಾಕಿದರೆ ಸಿಕ್ಕಿಬೀಳುತ್ತದೆ. 2012ರಲ್ಲಿ ಬಂದ ಈ ವಿಧಾನಕ್ಕೆ ಡ್ಯೂಪ್ಲೆಕ್ಸ್ ಸೀಕ್ವೆನ್ಸಿಂಗ್ ಅನ್ನುತ್ತಾರೆ. ನೋಡಿ, ಮತ್ತೆ ಬೇರೆ ದಾರಿಯೇ!

ನಿಮ್ಮ ಮನೆಗೆ ರಿಪೋರ್ಟು ಬಂದು, ಅದರ ಮೇಲೆ ದೊಡ್ಡ ನಿರ್ಧಾರ ನಿಂತಿದ್ದರೆ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. ಈ ಜಾಗವನ್ನು ಎಷ್ಟು ಸಲ ಓದಿದ್ದಾರೆ? ಹೊಸ ಸ್ಯಾಂಪಲ್ ತೆಗೆದು, ಸ್ಯಾಂಗರ್ ಎಂಬ ಹಳೆಯ ಓದುವ ವಿಧಾನದಲ್ಲೋ ಇನ್ನಾವುದರಲ್ಲೋ ಮತ್ತೆ ನೋಡಿದ್ದಾರಾ? ಸಂಕೋಚ ಬೇಡ, ಒಳ್ಳೆಯ ಲ್ಯಾಬು ಉತ್ತರ ಕೊಡುತ್ತದೆ.

ಮೈಕು ಈಗ ನಿಮ್ಮ ಕಡೆ ಬರುತ್ತದೆ, ಕೇಳಿ.