ನೆಲದ ಥಂಡಿ ತಡೆಯುವ ಹಾಸು

ಕೇಳುಗರೇ, ನಮಸ್ಕಾರ.

ರಜೆ ಬಂತೆಂದರೆ ನಮ್ಮ ಮೈಸೂರಿನ ಹುಡುಗ ಹುಡುಗಿಯರು ಬೆನ್ನಿಗೆ ಬ್ಯಾಗು ಏರಿಸಿ ಚಾರಣಕ್ಕೆ ಹೊರಡುತ್ತಾರೆ. ಬೂಟು, ಜಾಕೆಟ್ಟು, ಟೆಂಟು ಇವುಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಮಲಗುವ ಹಾಸು ನೆನಪಾಗುವುದು ಮಾತ್ರ ಹೊರಡುವ ಹಿಂದಿನ ಸಂಜೆ.

ನನಗೂ ಹಾಗೇ ಆಯಿತು. ಮೊದಲ ಸಲ ಗೆಳೆಯರೊಂದಿಗೆ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಾಗ ಮನೆಯಲ್ಲಿದ್ದ ಯೋಗ ಮ್ಯಾಟನ್ನೇ ಸುತ್ತಿ ಕಟ್ಟಿಕೊಂಡೆ. ಯೋಗದ ಊರಿನವರಲ್ಲವೇ ನಾವು, ಮನೆಮನೆಯಲ್ಲೂ ಒಂದಿರುತ್ತದೆ. ಡಿಸೆಂಬರ್ ತಿಂಗಳು. ಜೂಡಾ ಕಾ ತಾಲಾಬ್ ಎಂಬಲ್ಲಿ ಹಿಮದ ಪಕ್ಕದಲ್ಲೇ ಟೆಂಟು. ಸ್ಲೀಪಿಂಗ್ ಬ್ಯಾಗು ಒಳ್ಳೆಯದೇ ಇತ್ತು, ಎದೆ ಬೆಚ್ಚಗಿತ್ತು. ಬೆನ್ನು ಮಾತ್ರ ಬಾವಿಕಟ್ಟೆಯ ಹಸಿಕಲ್ಲಿಗೆ ಒತ್ತಿ ಹಿಡಿದ ಹಾಗೆ. ಮಗ್ಗುಲು ತಿರುಗಿದರೆ ಸೊಂಟ ಕೊರೆಯುತ್ತಿತ್ತು. ಮೇಲೆ ಇನ್ನೊಂದು ಕಂಬಳಿ ಹೊದ್ದೆ, ಏನೂ ಉಪಯೋಗವಾಗಲಿಲ್ಲ. ನಡುರಾತ್ರಿ ಅದೇ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಡಿಗೆ ಹಾಕಿಕೊಂಡಾಗ ಕಣ್ಣು ಹತ್ತಿತು.

ಕಾರಣ ಇಷ್ಟೇ. ಸ್ಲೀಪಿಂಗ್ ಬ್ಯಾಗು ಬೆಚ್ಚಗಿಡುವುದು ತನ್ನೊಳಗೆ ಉಬ್ಬಿ ನಿಂತ ಗಾಳಿಯಿಂದ. ನಮ್ಮ ಮೈಭಾರಕ್ಕೆ ಬೆನ್ನಡಿಯ ಭಾಗ ಅಪ್ಪಚ್ಚಿಯಾಗುತ್ತದೆ, ಅಲ್ಲಿನ ಗಾಳಿ ಹೊರಟುಹೋಗುತ್ತದೆ. ಆಮೇಲೆ ನೆಲ ನಮ್ಮ ಮೈಶಾಖವನ್ನು ನೇರವಾಗಿ ಹೀರುತ್ತದೆ. ಅದನ್ನು ತಡೆಯಲು ಭಾರ ಬಿದ್ದರೂ ಗಾಳಿ ಬಿಟ್ಟುಕೊಡದ ಹಾಸು ಬೇಕು. ಯೋಗ ಮ್ಯಾಟು ಕಾಲು ಜಾರದಿರಲಿ ಎಂದು ಮಾಡಿದ್ದು. ತೆಳ್ಳಗೆ, ಒತ್ತಾಗಿ ಇರುತ್ತದೆ. ಪಿವಿಸಿಯದಾದರೆ ಕಿಲೋಗಟ್ಟಲೆ ತೂಗುವುದೂ ಉಂಟು. ಇಷ್ಟು ಭಾರ ಹೊತ್ತರೂ ಸಿಗುವ ಬಿಸುಪು ಅತ್ಯಲ್ಪ.

ಬೇಕಾದ್ದು ಕ್ಲೋಸ್ಡ್ ಸೆಲ್ ಫೋಮ್. ಇದರೊಳಗಿನ ಗಾಳಿಗುಳ್ಳೆಗಳು ಒಂದೊಂದೂ ಬೇರೆಬೇರೆಯಾಗಿ ಮುಚ್ಚಿರುತ್ತವೆ. ಸೋಫಾ ಕುಶನ್ ಅಂಗಡಿಯ ಸ್ಪಂಜಿನಲ್ಲಿ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ನೋಡುವುದಕ್ಕೆ ಗುರುತು ಸಿಗದಿದ್ದರೆ ಒಂದು ಉಪಾಯ ಹೇಳುತ್ತೇನೆ. ಅಂಗೈಯಗಲದ ತುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಬೆರಳಿನಿಂದ ನಾಲ್ಕಾರು ಸಲ ಅದುಮಿ. ಸ್ಪಂಜಾದರೆ ಗುಳುಗುಳು ಗುಳ್ಳೆ ಬಿಟ್ಟು ನೀರು ಕುಡಿಯುತ್ತದೆ, ಹಿಂಡಿದರೆ ಸುರಿಯುತ್ತದೆ. ಕ್ಲೋಸ್ಡ್ ಸೆಲ್ ಆದರೆ ಕೈ ಬಿಟ್ಟ ಕ್ಷಣ ಪುಟಿದು ಮೇಲಕ್ಕೆ ಬರುತ್ತದೆ. ಕೊಡವಿದರೆ ಮುಗಿಯಿತು, ಮೇಲೆ ನಾಲ್ಕು ಹನಿ ಬಿಟ್ಟರೆ ಒಳಗೆ ಒಣಗಿರುತ್ತದೆ. ಕೊಡಗಿನ ಮಳೆಯಲ್ಲಿ ಹಾಸನ್ನು ಬ್ಯಾಗಿನ ಹೊರಗೆ ಕಟ್ಟಿಕೊಂಡು ನಡೆಯಬಹುದಾದ್ದು ಈ ಗುಣದಿಂದಲೇ. ಸಂಜೆ ಒಮ್ಮೆ ಬಟ್ಟೆಯಿಂದ ಒರೆಸಿದರೆ ಮಲಗಬಹುದು.

ಇನ್ನು ಕೊಳ್ಳುವಾಗ ನೋಡಬೇಕಾದ ಅಂಕಿ. ಪೊಟ್ಟಣದ ಮೇಲೆ ಆರ್ ವ್ಯಾಲ್ಯೂ ಎಂದು ಬರೆದಿರುತ್ತದೆ. ಹಾಸು ಶಾಖವನ್ನು ಎಷ್ಟು ತಡೆಯುತ್ತದೆ ಎನ್ನುವ ಲೆಕ್ಕ ಅದು. ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2018ರಲ್ಲಿ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಎಲ್ಲರಿಗೂ ಒಂದೇ ಪರೀಕ್ಷೆ ಗೊತ್ತುಮಾಡಿತು. ಆ ಪರೀಕ್ಷೆಯ ಅಂಕಿಗಳನ್ನು ಮಾತ್ರ ಒಂದರ ಪಕ್ಕ ಒಂದಿಟ್ಟು ಹೋಲಿಸಿ. ಹೆಸರಾದ ಥರ್ಮಾರೆಸ್ಟ್ ಝೀ ಲೈಟ್ ಸೋಲ್ ಎಂಬ ಮಡಚುವ ಹಾಸನ್ನೇ ನೋಡಿ. 183 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ದಪ್ಪ, ತೂಕ ಸುಮಾರು 410 ಗ್ರಾಂ, ಆರ್ ವ್ಯಾಲ್ಯೂ 2. ಅದರ ಮೈಯೆಲ್ಲ ಪಡ್ಡಿನ ಹೆಂಚಿನ ಹಾಗೆ ಗುಳಿಗುಳಿ. ಒಂದು ಮಗ್ಗುಲಿಗೆ ಬೆಳ್ಳಿಬಣ್ಣದ ಲೇಪ ಇರುತ್ತದೆ, ಚಳಿಯಲ್ಲಿ ಆ ಮಗ್ಗುಲು ಮೈಕಡೆಗೆ ಬರಬೇಕು. ನಮ್ಮ ಪಶ್ಚಿಮಘಟ್ಟದ ಬೆಟ್ಟಗಳಿಗೆ ಈ 2 ಧಾರಾಳ. ಹಿಮದ ಮೇಲೆ ಮಲಗುವುದಾದರೆ 4 ಅಥವಾ ಅದಕ್ಕೂ ಹೆಚ್ಚು ಇರಲಿ. ಒಂದರ ಮೇಲೊಂದು ಎರಡು ಹಾಸು ಹಾಕಿದರೆ ಅಂಕಿಗಳೂ ಕೂಡಿಕೊಳ್ಳುತ್ತವೆ, 2ಕ್ಕೆ 2 ಸೇರಿ 4 ಆಗುತ್ತದೆ. ಹಾಗಾಗಿ ಕೈಯಲ್ಲಿರುವ ಹಾಸನ್ನು ಬಿಸಾಡಿ ದುಬಾರಿಯದು ಕೊಳ್ಳಬೇಕಾಗಿಲ್ಲ.

ತೂಕ ಇನ್ನೂ ಇಳಿಸಬೇಕೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಚಾರಣದಲ್ಲಿ ಕಾಲು ಹಾಸಿಗೆಯ ಆಚೆಗೆ ಹೋಗಬಹುದು. ಮಲಗಿ, ಹೆಗಲಿನಿಂದ ಸೊಂಟದ ಕೆಳಗಿನವರೆಗೆ ಅಳತೆ ಹಿಡಿದು, ನಾಲ್ಕಡಿ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ಖಾಲಿ ಮಾಡಿದ ಬ್ಯಾಗು ಕಾಲಡಿಗೆ ಸಾಕು. ಆ 410 ಗ್ರಾಂ 270ರ ಆಸುಪಾಸಿಗೆ ಇಳಿಯುತ್ತದೆ. ಕತ್ತರಿಸಿದ ತುಂಡೂ ದಂಡವಲ್ಲ. ದಾರಿಯಲ್ಲಿ ಬಂಡೆಯ ಮೇಲೆ ಕೂರಲು ಅದಕ್ಕಿಂತ ಒಳ್ಳೆಯ ಮಣೆ ಇಲ್ಲ. ಹಿಮದ ಚಾರಣಕ್ಕೆ ಮಾತ್ರ ಪೂರ್ತಿ ಉದ್ದವೇ ಇರಲಿ.

ಗಾಳಿ ತುಂಬುವ ಹಾಸು ಮೆತ್ತಗಿರುತ್ತದೆ, ಮಡಿಸಿದರೆ ನೀರಿನ ಬಾಟಲಿಯಷ್ಟಾಗುತ್ತದೆ, ನಿಜ. ಮಗ್ಗುಲಾಗಿ ಮಲಗುವವರ ಸೊಂಟಕ್ಕೆ, ವಯಸ್ಸಾದವರ ಕೀಲಿಗೆ ಅದೇ ಹಿತ, ಅವರಿಗೆ ಬೇಡವೆನ್ನಲಾರೆ. ಆದರೆ ಪಾಂಡವಪುರದ ಕುಂತಿಬೆಟ್ಟವನ್ನೋ ಮೇಲುಕೋಟೆಯ ಗುಡ್ಡಗಳನ್ನೋ ಸುತ್ತಿದವರಿಗೆ ನಮ್ಮ ಕಡೆಯ ಜಾಲಿಮುಳ್ಳು, ಲಂಟಾನ ಎಂಥದ್ದೆಂದು ಗೊತ್ತು. ಒಂದು ಮುಳ್ಳು ತಾಗಿದರೆ ಬೆಳಗಿನ ಜಾವಕ್ಕೆ ನೆಲದ ಮೇಲೇ ಇರುತ್ತೀರಿ. ಫೋಮಿಗೆ ಹತ್ತು ಮುಳ್ಳು ಚುಚ್ಚಿದರೂ ನಿದ್ದೆ ಕೆಡುವುದಿಲ್ಲ. ಅದಕ್ಕೇ ಮೊದಲ ಸಲ ಹೊರಡುವವರಿಗೆ ನಾನು ಫೋಮನ್ನೇ ಹೇಳುವುದು.

ಕೊಂಡ ಮೇಲೆ ಮನೆಯ ಬರಿ ನೆಲದ ಮೇಲೆ ಅದನ್ನು ಹಾಸಿ, ದಿಂಬಿಲ್ಲದೆ ಒಂದಿಡೀ ರಾತ್ರಿ ಮಲಗಿ ನೋಡಿ. ಸೊಂಟದ ಮೂಳೆ ನೆಲಕ್ಕೆ ತಾಗಿದರೆ ಇನ್ನೂ ದಪ್ಪದ್ದು ಬೇಕು. ಬೆಂಕಿಯ ಹತ್ತಿರ ಮಾತ್ರ ಹಾಸಬೇಡಿ, ಒಂದು ಕಿಡಿ ಸಾಕು ಕರಗುವುದಕ್ಕೆ. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ. ವಾಪಸು ಬಂದವರು ಕಟ್ಟು ಬಿಚ್ಚಿ, ಮೇಲೆ ಭಾರ ಹೇರದೆ ಮಂಚದಡಿ ಚಪ್ಪಟೆಯಾಗಿ ಇಟ್ಟರೆ ಮುಂದಿನ ವರ್ಷಕ್ಕೂ ದಪ್ಪ ಉಳಿಯುತ್ತದೆ.

ನಮಸ್ಕಾರ.