ಮೂರು ಗಂಟೆಗೆ ಮುದ್ದೆ ಕೇಳ್ಬೇಡಿ: ಮೈಸೂರು–ಮಂಡ್ಯದ ಸಣ್ಣ ಹೋಟ್ಲುಗಳ ಗಡಿಯಾರ

[ದೃಶ್ಯ: ಹೋಟ್ಲಿನ ಗೋಡೆ. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿಂಡಿಗಳ ಹೆಸರು. ಒಂದರ ಮೇಲೆ ಗೀಟು ಎಳೆದಿದೆ.]

ನಮಸ್ಕಾರ. ಈ ಬೋರ್ಡ್ ನೋಡಿ. ಇರೋದೇ ಐದು ಐಟಂ, ಅದರಲ್ಲೂ ಒಂದು ಆಗಲೇ ಖಾಲಿ. ಬೆಂಗಳೂರಿಂದ ಬಂದ ನೆಂಟರನ್ನ ಇಂಥ ಕಡೆ ಕರ್ಕೊಂಡು ಹೋದ್ರೆ, ಕೂತ ತಕ್ಷಣ ಕೇಳ್ತಾರೆ: "ಇಷ್ಟೇನಾ?"

ಇಷ್ಟೇ. ಐದೇ ಐಟಂ ಇದ್ರೆ ಮಾಡಿದ್ದೆಲ್ಲ ಎರಡು ಮೂರು ಗಂಟೆಲಿ ಖರ್ಚಾಗುತ್ತೆ, ಯಾವುದೂ ಫ್ರಿಜ್ ಮುಖ ನೋಡಲ್ಲ. ಅರವತ್ತು ಐಟಂ ಇರೋ ಕಡೆ ಎಲ್ಲಕ್ಕೂ ಒಂದೇ ಗ್ರೇವಿ ಬೇಸ್, ಮೇಲಿಂದ ಉದುರಿಸೋದು ಬೇರೆ ಬೇರೆ. ಹಾಗಾಗಿ ನಮ್ಮ ಮೈಸೂರು, ಮಂಡ್ಯ ಕಡೆ ಊಟ ಮಾಡೋಕೆ ಹೊರಟಾಗ "ಯಾವ ಹೋಟ್ಲು?" ಅನ್ನೋದಕ್ಕಿಂತ ಮೊದಲು "ಈಗ ಟೈಮೆಷ್ಟು?" ಅಂತ ಕೇಳ್ಕೊಳಿ. ಯಾಕೆ ಅಂತ ದೋಸೆಯಿಂದ ಶುರು ಮಾಡೋಣ.

[ದೃಶ್ಯ: ನಜರ್‌ಬಾದ್ ಮುಖ್ಯರಸ್ತೆ, ಬೆಳಗ್ಗೆ. ಬಾಗಿಲಲ್ಲಿ ನಿಂತು ಕಾಯುತ್ತಿರುವ ಜನ.]

ನಜರ್‌ಬಾದ್. ಮೈಲಾರಿ ಅನ್ನೋ ಹೆಸರಲ್ಲಿ ಒಂದೇ ರಸ್ತೆಲಿ ಎರಡು ಹೋಟ್ಲು, ಎರಡರ ಬೋರ್ಡ್ ಮೇಲೂ 'ಒರಿಜಿನಲ್'. ಯಾವುದು ನಿಜವಾದ ಒರಿಜಿನಲ್ ಅನ್ನೋ ಜಗಳಕ್ಕೆ ನನ್ನನ್ನ ಎಳೀಬೇಡಿ, ನನಗೆ ಎರಡು ಕಡೆನೂ ಹೋಗ್ಬೇಕು. ಮೆತ್ತಗಿನ ದೋಸೆ, ಮೇಲೊಂದು ಬೆಣ್ಣೆ ತುಂಡು, ಕಾಯಿ ಚಟ್ನಿ. ಗರಿಗರಿ ದೋಸೆ ಹುಡ್ಕೊಂಡು ಬಂದೋರಿಗೆ ಇಲ್ಲಿ ನಿರಾಸೆ ಆಗುತ್ತೆ. ಬೆರಳಲ್ಲಿ ಹಿಡಿದರೆ ಬಟ್ಟೆ ಹಾಗೆ ಜೋತು ಬೀಳೋ ದೋಸೆ ಇದು.

ಈ ಮೆತ್ತಗಿನ ದೋಸೆಗೂ ಗಡಿಯಾರಕ್ಕೂ ಏನು ಸಂಬಂಧ? ಅಕ್ಕಿ, ಉದ್ದು ನೆನೆಸಿ, ರುಬ್ಬಿ, ರಾತ್ರಿ ಇಟ್ಟರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದರೊಳಗೆ ಆಮ್ಲಾನೂ ಮಾಡ್ತವೆ, ಗಾಳಿನೂ ಮಾಡ್ತವೆ. ಉದ್ದಿನ ಅಂಟು ಆ ಗಾಳಿನ ಹಿಡಿದಿಟ್ಕೊಳುತ್ತೆ, ಹಿಟ್ಟು ಉಬ್ಬುತ್ತೆ. ಕಾವಲಿ ಮೇಲೆ ಬಿದ್ದಾಗ ದೋಸೆ ಮೈಯೆಲ್ಲ ತೂತು ಬೀಳೋದು ಅದಕ್ಕೇ. ಆದರೆ ಬೆಳಗಾಯ್ತು ಅಂತ ಬ್ಯಾಕ್ಟೀರಿಯಾ ಕೆಲಸ ನಿಲ್ಸಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳಿ ಏರಿ, ಉಬ್ಬು ಇಳಿದಿರುತ್ತೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಗ. ದಪ್ಪ, ಮೆತ್ತಗಿನ ದೋಸೆಗೆ ಈ ಉಬ್ಬೇ ಬಂಡವಾಳ. ತೆಳ್ಳಗೆ ಎರೆದು ರೋಸ್ಟ್ ಮಾಡೋ ದೋಸೇಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ, ಇದರಲ್ಲಿ ನಡೆಯಲ್ಲ.

[ದೃಶ್ಯ: ಹತ್ತಿರದಿಂದ ಕಾವಲಿ. ನೀರು ಚಿಮುಕಿಸುವ ಕೈ, ಚುರ್ ಅನ್ನುವ ಸದ್ದು.]

ಇಲ್ಲಿ ಒಂದು ನಿಮಿಷ ನಿಲ್ಲಿಸ್ತೀನಿ. ಭಟ್ಟರು ನೀರು ಎರಚೋದನ್ನ ಎಲ್ಲರೂ ನೋಡಿರ್ತೀವಿ. ಕಾವಲಿ ತೊಳೆಯೋಕೆ ಅಂದ್ಕೊಂಡೋರೇ ಜಾಸ್ತಿ. ಅಸಲಿಗೆ ಅದು ಕಾವು ಅಳೆಯೋ ಉಪಾಯ, ಜೊತೆಗೆ ಕಾವು ಇಳಿಸೋ ಉಪಾಯ. ಬಿದ್ದ ನೀರು ಮುತ್ತಿನ ಥರ ಉರುಳಾಡಿದ್ರೆ ಕಾವಲಿ ಅತಿಯಾಗಿ ಕಾದಿದೆ ಅಂತ. ಅಂಥ ಕಾವಲಿಗೆ ಹಿಟ್ಟು ಹಾಕಿದ್ರೆ ಬಿದ್ದಲ್ಲೇ ಬೆಂದು ಸೌಟಿಗೆ ಸುತ್ಕೊಂಡು ಎದ್ದು ಬರುತ್ತೆ, ಹರಡೋದೇ ಇಲ್ಲ. ಚುರ್ ಅಂತ ಸದ್ದು ಬಂದು ನೀರು ಆರಿದ ಮೇಲೆ ಒರೆಸಿ, ಹಿಟ್ಟು ಹಾಕ್ತಾರೆ. ಒಂದು ಸುತ್ತು ದೋಸೆ ಎದ್ದ ಮೇಲೆ ಮತ್ತೆ ಕಾವು ಹತ್ತಬೇಕು, ಮತ್ತೆ ನೀರು. ದೊಡ್ಡ ಕಾವಲಿಲಿ ಒಂದೇ ಸಲಕ್ಕೆ ಹತ್ತು ಹನ್ನೆರಡು ಎರೆಯೋದು ಈ ಲೆಕ್ಕದಲ್ಲಿ. "ಇನ್ನೊಂದು ಸುತ್ತು ಆಗ್ಲಿ ಸಾರ್" ಅಂತ ಸಪ್ಲೈಯರ್ ಹೇಳಿದ್ರೆ ನಿಮ್ಮನ್ನ ಸಾಗಹಾಕ್ತಿಲ್ಲ, ಹಿಂದಿನ ಸುತ್ತಿಗೆ ನಿಮ್ಮ ಆರ್ಡರ್ ಸೇರಲಿಲ್ಲ ಅಷ್ಟೇ. ರಶ್ ಇರೋ ಹೊತ್ತಲ್ಲಿ ಕಾವಲಿ ಒಂದು ಹದಕ್ಕೆ ಬಂದು ಹಾಗೇ ನಿಂತಿರುತ್ತೆ. ಆದ್ದರಿಂದ ನಾನಂತೂ ಖಾಲಿ ಹೋಟ್ಲಿಗಿಂತ ಕ್ಯೂ ಇರೋ ಹೋಟ್ಲಲ್ಲೇ ದೋಸೆ ತಿನ್ನೋಳು.

ಅಂದ ಹಾಗೆ, ಮೈಸೂರು ಮಸಾಲೆ ಅಂತ ಬೇರೆ ಊರಲ್ಲಿ ಕೊಡೋದು ಒಳಗೆ ಕೆಂಪು ಚಟ್ನಿ ಬಳಿದ ದೋಸೆ. ಮೈಸೂರಿನ ಎಲ್ಲ ಹೋಟ್ಲಲ್ಲೂ ಅದು ಸಿಗಲ್ಲ. ನಜರ್‌ಬಾದಲ್ಲಿ ಕೂತು ಕೆಂಪು ಚಟ್ನಿ ಕೇಳಿದ್ರೆ ಪಕ್ಕದ ಟೇಬಲ್‌ನೋರು ತಿರುಗಿ ನೋಡ್ತಾರೆ.

[ದೃಶ್ಯ: ಮಂಡ್ಯ. ಮಿಲ್ಟ್ರಿ ಹೋಟ್ಲು. ಒಲೆ ಮೇಲೆ ದೊಡ್ಡ ಪಾತ್ರೆ, ಕೈಯಲ್ಲಿ ಮುದ್ದೆ ಕೋಲು.]

ಈಗ ಮಧ್ಯಾಹ್ನ, ಮಂಡ್ಯ. ದೋಸೆಗಿಂತ ಅವಸರದ ಪದಾರ್ಥ ಇದು, ರಾಗಿ ಮುದ್ದೆ.

ಎಸರು ಕುದಿಯುವಾಗ ಒಂದಿಷ್ಟು ಹಿಟ್ಟು ಕದಡಿ ಹಾಕಿ ಗಂಜಿ ಮಾಡ್ಕೋತಾರೆ. ಆಮೇಲೆ ಉಳಿದ ರಾಗಿ ಹಿಟ್ಟು ಮಧ್ಯಕ್ಕೆ ಸುರಿದು, ಕಲಕದೆ ಬೇಯೋಕೆ ಬಿಡ್ತಾರೆ. ಆ ಮೇಲೆ ಕೋಲು. ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ತೊಳಸೋದು ನೋಡಿದ್ರೆ ನಮ್ಮ ರಟ್ಟೆನೇ ನೋಯುತ್ತೆ. ಗಂಟು ಉಳೀಬಾರದು, ಹಸಿ ವಾಸನೆ ಇರಬಾರದು. ಕೈ ಒದ್ದೆ ಮಾಡ್ಕೊಂಡು ಬಿಸಿಬಿಸಿಲೇ ಉಂಡೆ ಕಟ್ಟಬೇಕು. ಆರಿದ ಮೇಲೆ ಕಟ್ಟೋಕೆ ಹೋದ್ರೆ ಉಂಡೆ ಬಿರುಕು ಬಿಡುತ್ತೆ.

ಕಾರಣ ರಾಗಿಯಲ್ಲೇ ಇದೆ. ಗೋಧಿಯಲ್ಲಿರೋ ಗ್ಲುಟನ್ ರಾಗಿಯಲ್ಲಿಲ್ಲ. ಮುದ್ದೆನ ಹಿಡಿದಿಟ್ಟಿರೋದು ನೀರು ಕುಡಿದು ಬೆಂದ ಪಿಷ್ಟ ಒಂದೇ. ಆರ್ತಾ ಆರ್ತಾ ಆ ಪಿಷ್ಟ ನೀರು ಬಿಟ್ಟು ಬಿಗಿಯಾಗುತ್ತೆ. ಬಿಸಿ ಇರೋವಾಗ ಸಾರಲ್ಲಿ ಅದ್ದಿದ್ರೆ ಗಂಟಲಲ್ಲಿ ಜಾರಿ ಹೋಗೋ ಮುದ್ದೆ, ಆರಿದ ಮೇಲೆ ಅಗಿದ್ರೂ ಇಳಿಯಲ್ಲ. ಮಿಲ್ಟ್ರಿ ಹೋಟ್ಲಲ್ಲಿ ಹನ್ನೆರಡೂವರೆಯಿಂದ ಎರಡರವರೆಗೆ ಒಂದಾದ ಮೇಲೊಂದು ಪಾತ್ರೆ ಇಳೀತಾ ಇರುತ್ತೆ. ಮೂರು ಗಂಟೆಗೆ ಹೋಗಿ "ಅಣ್ಣ, ಮುದ್ದೆ ಇದ್ಯಾ?" ಅಂದ್ರೆ, "ಅನ್ನ ಅದೆ, ಹಾಕ್ಲಾ?" ಅಂತಾರೆ. ಹಾಗೆ ಅನ್ನೋ ಹೋಟ್ಲನ್ನ ನಂಬಿ. "ಇದೆ ಬನ್ನಿ" ಅಂತ ಮೂರೂವರೆಗೂ ಕರೆಯೋ ಕಡೆ, ಮುದ್ದೆನ ಬೆರಳಲ್ಲಿ ಒಮ್ಮೆ ಒತ್ತಿ ನೋಡಿ ಆಮೇಲೆ ಸಾರು ಬಿಡಿಸ್ಕೊಳಿ.

ಸಾರಿನ ವಿಷಯಕ್ಕೆ ಬಂದ್ರೆ ಗಡಿಯಾರ ಉಲ್ಟಾ. ಕಾಲು ಸೂಪು, ಮಟನ್ ಸಾರು ಹೊತ್ತು ಕಳೆದಷ್ಟೂ ಮೂಳೆ ರಸ ಬಿಟ್ಟು ಏರುತ್ತೆ. ಉಪ್ಸಾರು, ಬಸ್ಸಾರೂ ಅಷ್ಟೇ, ಸಂಜೆಗೆ ಇನ್ನೂ ರುಚಿ. ಮಾಂಸ ತಿನ್ನದವರು ಮಂಡ್ಯ ಕಡೆ ಬಂದು "ನಮಗೇನೂ ಸಿಗಲ್ಲ" ಅನ್ನೋದು ನನಗೆ ಅರ್ಥ ಆಗಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಹಾಕಿದ ಬಸ್ಸಾರು, ಪಕ್ಕದಲ್ಲಿ ಅದೇ ಸೊಪ್ಪಿನ ಪಲ್ಯ. ಚಳಿಗಾಲದಲ್ಲಿ ಅವರೆ ಸೊಗಡು ಶುರುವಾದ ಮೇಲೆ ಹಿತಕಿದಬೇಳೆ ಸಾರು. ಮುದ್ದೆ ಊಟದ ಸಸ್ಯಾಹಾರಿ ಮೆಸ್ ಕೇಳಿ, ತೋರಿಸ್ತಾರೆ.

[ದೃಶ್ಯ: ಗೋಡೆಯ ಪಂಚಾಂಗ ಕ್ಯಾಲೆಂಡರ್.]

ಗಡಿಯಾರದ ಜೊತೆ ಕ್ಯಾಲೆಂಡರೂ ನೋಡಬೇಕು. ಸೋಮವಾರ ಮಾದಪ್ಪನ, ಅಂದ್ರೆ ಮಲೆ ಮಹದೇಶ್ವರನ ವಾರ, ಶನಿವಾರ ಇನ್ನೊಂದು ದೇವರ ವಾರ. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಆ ದಿನ ಬಾಡು ಮುಟ್ಟಲ್ಲ. ಸೋಮವಾರ ಬಾಗಿಲೇ ತೆಗೆಯದ ಮಿಲ್ಟ್ರಿ ಹೋಟ್ಲುಗಳೂ ಉಂಟು. ಶ್ರಾವಣದಲ್ಲಿ ವ್ಯಾಪಾರ ಡಲ್ಲು. ಯುಗಾದಿ ಮಾರನೇ ದಿನ ವರ್ಷತೊಡಕಿಗೆ ಮಾತ್ರ ಮಟನ್ ಅಂಗಡಿ ಮುಂದೆ ಬೆಳಗಿನ ಜಾವವೇ ಕ್ಯೂ. ಒಳ್ಳೆ ಮಾಂಸ ಬೇಕಂದ್ರೆ ವ್ಯಾಪಾರ ಓಡೋ ದಿನ ಹೋಗಿ: ಭಾನುವಾರ, ಮಂಗಳವಾರ, ಬುಧವಾರ.

ಇನ್ನು ಬಂಡೂರು ಕುರಿ, ಬನ್ನೂರು ಕುರಿ ಅಂತಲೂ ಕರೀತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ತಳಿ. ಗಿಡ್ಡ ಕಾಲು, ತುಂಬಿದ ಮೈ. ಮಾಂಸದ ಎಳೆಎಳೆ ಮಧ್ಯೆ ಕೊಬ್ಬಿರೋದ್ರಿಂದ ಬೆಂದಾಗ ಬೆಣ್ಣೆ ಆಗುತ್ತೆ. ಶುದ್ಧ ತಳಿ ಮರಿಗೆ ಬೆಲೆ ಜಾಸ್ತಿ, ಸಂಖ್ಯೆ ಕಡಿಮೆ. ಆದರೆ ಹೈವೇಲಿ ಎರಡಕ್ಕೊಂದು ಬೋರ್ಡ್ ಮೇಲೆ 'ಬನ್ನೂರು ಕುರಿ' ಅಂತ ಇರುತ್ತೆ. ಪ್ಲೇಟಿನ ರೇಟ್ ಮಾಮೂಲಿ ಮಟನ್ನಿನಷ್ಟೇ ಇದ್ರೆ, ಒಳಗಿರೋದೂ ಮಾಮೂಲಿ ಮಟನ್ನೇ.

[ದೃಶ್ಯ: ಮದ್ದೂರು. ಎಣ್ಣೆಯಲ್ಲಿ ನಿಧಾನಕ್ಕೆ ಕೆಂಪಾಗುತ್ತಿರುವ ವಡೆ.]

ಇಷ್ಟು ಹೊತ್ತು ಕಾಯದ ಊಟದ ಮಾತಾಯ್ತು. ಕಾಯೋಕೇ ಹುಟ್ಟಿದ ತಿಂಡಿ ಒಂದಿದೆ, ಮದ್ದೂರು ವಡೆ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಲ್ಲಿ ತಿಂಡಿ ಮಾರ್ತಿದ್ದ ರಾಮಚಂದ್ರ ಬುಧ್ಯ ಅವರು ಪಕೋಡ ಬಿಡೋಕೆ ಟೈಮಿಲ್ಲದೆ, ಅದೇ ಹಿಟ್ಟನ್ನ ತಟ್ಟಿ ಕರಿದು ಕೊಟ್ಟರು ಅಂತ ಹೇಳ್ತಾರೆ. ಅಕ್ಕಿ ಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಕರಿಬೇವು. ಮೇಲೆ ಕಾದ ಎಣ್ಣೆ ಹುಯ್ದು ಕಲಸೋದು. ಉದ್ದಿನ ವಡೆ ಥರ ಒಳಗೆ ಮೆತ್ತಗಿರಲ್ಲ. ಹದವಾದ ಉರಿಯಲ್ಲಿ ಒಳಗಿನ ತೇವ ಹೋಗೋವರೆಗೆ ಬೇಯೋದ್ರಿಂದ ಸಂಜೆ ತನಕ ಕೆಡಲ್ಲ, ರೈಲು ಲೇಟಾದ್ರೂ ಚಿಂತೆ ಇಲ್ಲ. ಜೊತೆಗೆ ಕಾಯಿ ಚಟ್ನಿ ಕೊಡ್ತಾರೆ. ಕೆಡೋದು ಆ ಚಟ್ನಿನೇ, ಪಾರ್ಸಲಲ್ಲಿ ಅದನ್ನ ಬಿಟ್ಟು ಬನ್ನಿ.

[ದೃಶ್ಯ: ಎಕ್ಸ್‌ಪ್ರೆಸ್‌ವೇ ಮೇಲಿಂದ ಕೆಳಗೆ ಕಾಣುವ ಹಳೇ ರಸ್ತೆ.]

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಕಾರಿನೋರು ಊರು ನೋಡದೇ ಮೈಸೂರು ಸೇರ್ತಾರೆ, ಹಳೇ ಹೈವೇ ಹೋಟ್ಲುಗಳ ಗಲ್ಲಾ ಸಪ್ಪಗಾಯ್ತು. ಆದರೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಹಾಗಾಗಿ ಬೈಕಿನೋರು ಈಗಲೂ ಹಳೇ ದಾರಿಲೇ ಬರ್ತಾರೆ, ಊರೊಳಗೇ ನಿಲ್ಲಿಸ್ತಾರೆ. ಕಾರಿದ್ದೋರಿಗೆ ನನ್ನ ಸಲಹೆ: ಹಸಿವಾಗೋಕೆ ಮುಂಚೆನೇ ಊರೊಳಗೆ ಇಳಿಯೋ ದಾರಿ ನೋಡ್ಕೊಳಿ. ಅದು ತಪ್ಪಿದ್ರೆ ಮುಂದಿನದಕ್ಕೆ ಎಷ್ಟೋ ದೂರ ಹೋಗ್ಬೇಕು, ಅಷ್ಟರಲ್ಲಿ ಮುದ್ದೆ ಪಾತ್ರೆ ತೊಳೆಯೋಕೆ ಹಾಕಿರ್ತಾರೆ.

ಪಾರ್ಸಲ್ ಬಗ್ಗೆ ತುಂಬಾ ಜನ ಕೇಳಿದ್ರಿ. ಇಡ್ಲಿ, ಪಲಾವ್, ಮದ್ದೂರು ವಡೆ ಧಾರಾಳವಾಗಿ ತಗೊಂಡು ಹೋಗಿ. ಮುದ್ದೆ, ಮೆತ್ತಗಿನ ದೋಸೆನ ಆ್ಯಪಲ್ಲಿ ತರಿಸೋದು ದುಡ್ಡು ದಂಡ. ಡಬ್ಬಿಯೊಳಗೆ ಹಬೆ ನೀರಾಗಿ ದೋಸೆ ಮೇಲೇ ಇಳಿಯುತ್ತೆ. ಮೈಸೂರಲ್ಲಿ ಒಬ್ಬ ಸಪ್ಲೈಯರ್‌ಗೆ ನಾನು ನಾಲ್ಕು ದೋಸೆ ಪಾರ್ಸಲ್ ಅಂದಾಗ, ಬರೀತಿದ್ದ ಪೆನ್ನು ನಿಲ್ಲಿಸಿ ಕೇಳಿದ್ರು:

"ಮನೆ ಎಲ್ಲಿ ಅಕ್ಕಾ?"

"ವಿಜಯನಗರ."

"ಹಂಗಾದ್ರೆ ಇಡ್ಲಿ ತಗೊಳಿ. ದೋಸೆಗೆ ಮನೆಯೋರ್ನೇ ಕರ್ಕೊಂಡು ಬನ್ನಿ."

[ದೃಶ್ಯ: ಪರದೆ ಮೇಲೆ ಬರಹ: ನಿಮ್ಮೂರ ಹೋಟ್ಲು ಎಷ್ಟೊತ್ತಿಗೆ ಹೋದ್ರೆ ಚೆನ್ನ? ಕಾಮೆಂಟಲ್ಲಿ ಟೈಮು ಹಾಕಿ.]